ಪೆಟ್ರೋಲು ತೊಟ್ಟಿಯ ಉಸಿರಾಟ

ಅಂಗಡಿಯಿಂದ ತಂದ ಎಣ್ಣೆಯ ಡಬ್ಬಿಗೆ ಮೊಳೆಯಿಂದ ಒಂದೇ ಒಂದು ತೂತು ಮಾಡಿ ಬಗ್ಗಿಸಿದರೆ ಏನಾಗುವುದೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಎಣ್ಣೆಯು ಮೊದಲು ಸ್ವಲ್ಪ ಸುರಿಯುತ್ತದೆ, ಅನಂತರ ತಡೆಯುತ್ತದೆ, ಡಬ್ಬಿಯು ಗುಳುಕ್ಕೆಂದು ಒಂದು ಗುಟುಕು ಗಾಳಿಯನ್ನು ಒಳಗೆಳೆದುಕೊಂಡು ಮತ್ತೆ ಸ್ವಲ್ಪ ಎಣ್ಣೆಯನ್ನು ಬಿಡುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದೊಡನೆ ಧಾರೆಯು ಒಂದೇ ಸಮನೆ ಇಳಿಯತೊಡಗುತ್ತದೆ. ತೆಂಗಿನಕಾಯಿಯ ಒಂದು ಕಣ್ಣನ್ನು ಮಾತ್ರ ಚುಚ್ಚಿ ನೀರನ್ನು ಬಗ್ಗಿಸಲು ಹೊರಟವರಿಗೂ ಆಗುವ ಅನುಭವ ಇದೇ.

ಇದರ ತತ್ತ್ವ ಬಹು ಸರಳವಾದುದು. ಪಾತ್ರೆಯಿಂದ ದ್ರವವು ಹೊರಕ್ಕೆ ಹೋದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಒಳಗೆ ಉಳಿದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಅದರ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ವಾತಾವರಣದ ಒತ್ತಡವೇ ದ್ರವವನ್ನು ಹೊರಗೆ ಬಾರದಂತೆ ತಡೆದು ನಿಲ್ಲಿಸುತ್ತದೆ. ಅಡಿಗೆಮನೆಯ ಈ ಸಣ್ಣ ಸಂಗತಿಯನ್ನು ಮರೆತುದರಿಂದ ಹೆದ್ದಾರಿಯ ನಡುವೆ ಕಾರುಗಳು ನಿಂತುಹೋಗಿವೆ. ಕೆಡದಿದ್ದ ಪಂಪುಗಳನ್ನು ಕಿತ್ತು ಹೊಸತನ್ನು ಹಾಕಿದ್ದಾರೆ. ಪೆಟ್ರೋಲಿನ ಆವಿಯು ಕಾರಿನೊಳಗೆ ತುಂಬಿ ಪ್ರಾಣಾಪಾಯದ ಸಂದರ್ಭಗಳೂ ಒದಗಿವೆ. ಹಳೆಯದೊಂದು ಸ್ಪೋರ್ಟ್ಸ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಂಡು, ಇಂಥ ದೋಷವನ್ನು ವಿಜ್ಞಾನದ ಕ್ರಮದಿಂದ ಹುಡುಕುವುದು ಹೇಗೆಂಬುದನ್ನು ನೋಡೋಣ.

ಒಂದು ಕಾರು, ಒಂದು ದೂರು

ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಎಂ.ಜಿ.ಬಿ. ಎಂಬ ಕಾರು ತಯಾರಾಗುತ್ತಿತ್ತು. ಅದರಲ್ಲಿ ಇಬ್ಬರು ಕುಳಿತುಕೊಳ್ಳಬಹುದು; ಬೇಕಾದಾಗ ಮೇಲಿನ ಹೊದಿಕೆಯನ್ನು ಮಡಿಸಬಹುದು; ಎಂಜಿನು 1,798 ಘನ ಸೆಂಟಿಮೀಟರಿನದು. ಮುಚ್ಚಿದ ಮಾದರಿಯೂ ಸೇರಿ ಐದು ಲಕ್ಷಕ್ಕಿಂತ ಹೆಚ್ಚು ಕಾರುಗಳು ಹೊರಬಂದುವು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದುವು. ಇಂದಿಗೂ ಆಸಕ್ತರು ಅನೇಕರು ಇವನ್ನು ಕಾಪಾಡಿಕೊಂಡು ಓಡಿಸುತ್ತಿದ್ದಾರೆ. ಇದರ ಪೆಟ್ರೋಲು ತೊಟ್ಟಿ ಹಿಂದಿನ ಡಿಕ್ಕಿಯ ತಳದಲ್ಲಿದೆ. ನಂತರದ ಮಾದರಿಗಳಲ್ಲಿ ಅದು ಸುಮಾರು 54 ಲೀಟರು ಹಿಡಿಯುತ್ತದೆ. ಎಂಜಿನು ಮುಂದಿದೆ. ಹಿಂಭಾಗದಲ್ಲಿಯೇ ಇರುವ ವಿದ್ಯುತ್ ಪಂಪೊಂದು ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಪೆಟ್ರೋಲನ್ನು ಮುಂದಿನ ಕಾರ್ಬುರೇಟರಿಗೆ ತಳ್ಳುತ್ತದೆ.

ಈ ಕಾರಿನ ಒಡೆಯರು ಮೆಕ್ಯಾನಿಕ್ಕಿನ ಮುಂದೆ ಹೇಳಿಕೊಳ್ಳುವ ದೂರುಗಳಲ್ಲಿ ಒಂದು ಹೀಗಿರುತ್ತದೆ. ಬೆಳಿಗ್ಗೆ ಎಂಜಿನು ಚೆನ್ನಾಗಿ ಹೊರಡುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಯಾವ ತೊಂದರೆಯೂ ಇಲ್ಲ. ಅನಂತರ ದಿಣ್ಣೆಯನ್ನು ಏರುವಾಗಲೋ ವೇಗವಾಗಿ ಹೋಗುವಾಗಲೋ ಎಂಜಿನು ಮುಗ್ಗರಿಸುತ್ತದೆ, ಶಕ್ತಿಗುಂದುತ್ತದೆ, ಕಡೆಗೆ ನಿಂತೇಹೋಗುತ್ತದೆ. ಹತ್ತು ನಿಮಿಷ ಕಾದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಕೆಲವು ಮೈಲಿ ಹೋದ ಮೇಲೆ ಮತ್ತೆ ಅದೇ ಕಥೆ.

ಇದಕ್ಕೆ ಕಾರಣವೇನು? ಇಲ್ಲಿಯೇ ಎಚ್ಚರವಿರಬೇಕು. ಈ ಒಂದೇ ಲಕ್ಷಣಕ್ಕೆ ಕನಿಷ್ಠ ನಾಲ್ಕು ಕಾರಣಗಳು ಇರಬಲ್ಲುವು. ಕಿಡಿ ಹುಟ್ಟಿಸುವ ವಿದ್ಯುತ್ ಸುರುಳಿ ಬಿಸಿಯಾಗಿ ಸೋತಿರಬಹುದು. ತಣಿದೊಡನೆ ಅದು ಚೇತರಿಸಿಕೊಳ್ಳುತ್ತದೆ. ಎಂಜಿನಿನ ಶಾಖದಿಂದ ಕೊಳವೆಯೊಳಗೆ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟಿರಬಹುದು. ತಣಿದೊಡನೆ ಅದೂ ಕರಗುತ್ತದೆ. ಹಳೆಯ ತೊಟ್ಟಿಯ ತಳದ ತುಕ್ಕಿನ ಪುಡಿ ಹೀರುಗೊಳವೆಯ ಬಾಯಿಗೆ ಬಂದು ಮೆತ್ತಿಕೊಂಡಿರಬಹುದು; ಪಂಪು ನಿಂತೊಡನೆ ಅದು ಕೆಳಕ್ಕೆ ಉದುರುತ್ತದೆ. ಕೊನೆಯದಾಗಿ, ತೊಟ್ಟಿಯೊಳಕ್ಕೆ ಗಾಳಿ ಬರುವ ದಾರಿ ಕಟ್ಟಿರಬಹುದು. ಕಾರು ನಿಂತಿರುವಾಗ ಯಾವುದೋ ಸಂದಿಯಿಂದ ಗಾಳಿ ಮೆಲ್ಲಮೆಲ್ಲನೆ ಒಳಸೇರಿ ಒತ್ತಡ ಸರಿಹೋಗುತ್ತದೆ.

ಆದುದರಿಂದ “ಸ್ವಲ್ಪ ಹೊತ್ತು ಕಾದರೆ ಸರಿಹೋಗುತ್ತದೆ” ಎಂಬುದು ನಾಲ್ವರು ಆರೋಪಿಗಳಿಗೂ ಸಮನಾಗಿ ಒಪ್ಪುವ ಸಾಕ್ಷ್ಯ. ಎಲ್ಲರಿಗೂ ಒಪ್ಪುವ ಸಾಕ್ಷ್ಯದಿಂದ ಯಾರನ್ನೂ ಹಿಡಿಯಲಾಗದು. ಅನೇಕರು ಇದನ್ನು ಯೋಚಿಸದೆ ಮೊದಲು ಸುರುಳಿಯನ್ನು, ಆಮೇಲೆ ಪಂಪನ್ನು, ಆಮೇಲೆ ಕಾರ್ಬುರೇಟರನ್ನು ಬದಲಾಯಿಸುತ್ತಾರೆ. ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ನಮಗೆ ಬೇಕಾದುದು ನಾಲ್ಕರಲ್ಲಿ ಒಂದನ್ನು ಮಾತ್ರ ಬೇರ್ಪಡಿಸಿ ತೋರಿಸುವ ಪರೀಕ್ಷೆ.

ಸ್ವಲ್ಪ ಲೆಕ್ಕ

ಪರೀಕ್ಷೆಗೆ ಮೊದಲು ಸ್ವಲ್ಪ ಲೆಕ್ಕ ಹಾಕಿ ನೋಡೋಣ. 54 ಲೀಟರಿನ ತೊಟ್ಟಿಯಲ್ಲಿ 50 ಲೀಟರು ಪೆಟ್ರೋಲಿದೆ, ಮೇಲೆ 4 ಲೀಟರು ಗಾಳಿಯಿದೆ ಎಂದುಕೊಳ್ಳೋಣ. ಗಾಳಿ ಒಳಬರುವ ದಾರಿ ಪೂರ್ತಿಯಾಗಿ ಮುಚ್ಚಿದೆ. ಲೀಟರಿಗೆ 10 ಕಿಲೋಮೀಟರಿನಂತೆ 10 ಕಿಲೋಮೀಟರು ಓಡಿದಾಗ ಒಂದು ಲೀಟರು ಪೆಟ್ರೋಲು ಖರ್ಚಾಗುತ್ತದೆ. 4 ಲೀಟರಿನ ಗಾಳಿ 5 ಲೀಟರಿನ ಜಾಗವನ್ನು ತುಂಬಬೇಕಾಗುತ್ತದೆ. ಶಾಲೆಯಲ್ಲಿ ಕಲಿತ ಬಾಯ್ಲನ ನಿಯಮದಂತೆ ಅದರ ಒತ್ತಡ ಮೊದಲಿನ ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ಎಂದರೆ ನೂರಕ್ಕೆ ಇಪ್ಪತ್ತರಷ್ಟು ಕಡಿಮೆ. ತೊಟ್ಟಿ ಅರ್ಧ ಖಾಲಿಯಾಗಿದ್ದರೆ? ಆಗ 27 ಲೀಟರು ಗಾಳಿ 28 ಲೀಟರಾಗುತ್ತದೆ. ಒತ್ತಡ ಇಳಿಯುವುದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ನಿಜವಾದ ತೊಟ್ಟಿಯಲ್ಲಿ ಒತ್ತಡ ಇಷ್ಟು ಇಳಿಯುವುದಿಲ್ಲ. ಪೆಟ್ರೋಲಿನ ಆವಿಯು ಕೊರತೆಯನ್ನು ಸ್ವಲ್ಪ ತುಂಬುತ್ತದೆ. ತೊಟ್ಟಿಯ ತಗಡೂ ಒಳಕ್ಕೆ ಬಾಗಿಕೊಡುತ್ತದೆ. ಆದರೂ ಲೆಕ್ಕವು ಒಂದು ಬೆಲೆಯುಳ್ಳ ಸುಳಿವನ್ನು ಕೊಟ್ಟಿತು: ದೋಷ ಗಾಳಿಯ ದಾರಿಯಲ್ಲಿದ್ದರೆ, ತೊಟ್ಟಿ ತುಂಬಿರುವಾಗ ಕಾರು ಬೇಗ ನಿಲ್ಲಬೇಕು, ಅರ್ಧವಿರುವಾಗ ತಡವಾಗಿ ನಿಲ್ಲಬೇಕು. ವಿದ್ಯುತ್ ಸುರುಳಿಗೆ ತೊಟ್ಟಿಯಲ್ಲಿ ಎಷ್ಟು ಪೆಟ್ರೋಲಿದೆ ಎಂಬುದರ ಗೊಡವೆಯೇ ಇಲ್ಲ. ಕಾರು ಯಾವಾಗ ನಿಂತಿತು, ಆಗ ಮುಳ್ಳು ಎಲ್ಲಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟವನಿಗೆ ಅರ್ಧ ಉತ್ತರ ಮನೆಯಲ್ಲಿಯೇ ಸಿಕ್ಕೀತು.

ವಾಚಕರು ಇದನ್ನು ಕಾರಿಲ್ಲದೆಯೇ ನೋಡಬಹುದು. ಒಂದು ಗಾಜಿನ ಸೀಸೆಯ ತಗಡಿನ ಮುಚ್ಚಳಕ್ಕೆ ತೂತು ಮಾಡಿ, ಹೀರುಗೊಳವೆಯೊಂದನ್ನು ತೂರಿಸಿ, ಸಂದನ್ನು ಗೋಧಿಹಿಟ್ಟಿನ ಕಣಕದಿಂದ ಗಟ್ಟಿಯಾಗಿ ಮುಚ್ಚಿ. ಸೀಸೆಯ ಕುತ್ತಿಗೆಯವರೆಗೆ ಕುಡಿಯುವ ನೀರು ತುಂಬಿ ಹೀರಿದರೆ ಅರೆ ಗುಟುಕಿಗೇ ನೀರು ನಿಲ್ಲುತ್ತದೆ. ಅರ್ಧ ಸೀಸೆ ನೀರಿಟ್ಟು ಹೀರಿದರೆ ಇನ್ನೂ ಕೆಲವು ಗುಟುಕು ಬರುತ್ತದೆ. ಮುಚ್ಚಳದಲ್ಲಿ ಸೂಜಿಯಷ್ಟು ಸಣ್ಣ ತೂತು ಮಾಡಿದರೆ ಸಾಕು, ಮೆಲ್ಲನೆ ಹೀರಿದಷ್ಟೂ ನೀರು ಬರುತ್ತದೆ.

ಇನ್ನೊಂದು ಲೆಕ್ಕ. ವಾತಾವರಣದ ಒತ್ತಡ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಮಿನ ಭಾರದಷ್ಟು. ತೊಟ್ಟಿಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆಯಾಯಿತೆನ್ನೋಣ. 50 ಸೆಂಟಿಮೀಟರು ಉದ್ದ, 40 ಸೆಂಟಿಮೀಟರು ಅಗಲದ ತಗಡಿನ ಮೇಲೆ ಆಗ ಬೀಳುವ ಹೆಚ್ಚಿನ ಭಾರ 200 ಕಿಲೋಗ್ರಾಮು! ಮೂವರು ದೊಡ್ಡವರು ಅದರ ಮೇಲೆ ಹತ್ತಿ ನಿಂತಂತಾಯಿತು. ಉಸಿರುಕಟ್ಟಿದ ತೊಟ್ಟಿಗಳು ‘ಢಬ್’ ಎಂದು ಒಳಕ್ಕೆ ನೆಗ್ಗುವುದು ಇದರಿಂದಲೇ.

ನಿರ್ಣಯದ ಪರೀಕ್ಷೆ

ಎಂಜಿನು ಸೊರಗಿ ನಿಂತೊಡನೆ ಕಾರನ್ನು ರಸ್ತೆಯ ಬದಿಗೆ ಸುರಕ್ಷಿತವಾಗಿ ತಂದು ನಿಲ್ಲಿಸಿ, ಕೀಲಿಯನ್ನು ತೆಗೆದು, ಹತ್ತಿರದಲ್ಲಿ ಬೆಂಕಿ, ಬೀಡಿ, ಸಿಗರೇಟು ಯಾವುದೂ ಇಲ್ಲವೆಂದು ನೋಡಿಕೊಂಡು ತೊಟ್ಟಿಯ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಬೇಕು. ‘ಸುಸ್’ ಎಂಬ ಸದ್ದು ಕೇಳಿಸಿತೆಂದ ಮಾತ್ರಕ್ಕೆ ತೀರ್ಮಾನಕ್ಕೆ ಬರಬಾರದು. ಸದ್ದು ಎರಡು ಬಗೆಯದಿರಬಹುದು. ಬಿಸಿಲಿನ ದಿನ ಒಳಗಿನ ಆವಿ ಹೊರಕ್ಕೆ ಬರುವುದೂ ಉಂಟು. ಹೊರಗಿನ ಗಾಳಿ ಒಳಕ್ಕೆ ನುಗ್ಗುವುದೂ ಉಂಟು. ಮುಚ್ಚಳದ ಅಂಚಿನ ಬಳಿ ತೆಳುವಾದ ಕಾಗದದ ಪಟ್ಟಿಯೊಂದನ್ನು ಹಿಡಿದರೆ ಅದು ಒಳಕ್ಕೆ ಸೆಳೆಯಲ್ಪಟ್ಟಿತೋ ಹೊರಕ್ಕೆ ಹಾರಿತೋ ಕಾಣುತ್ತದೆ. ಒಳಕ್ಕೆ ಸೆಳೆದರೆ ತೊಟ್ಟಿಯಲ್ಲಿ ಒತ್ತಡ ಕಡಿಮೆಯಿತ್ತೆಂದು ಅರ್ಥ. ಇದರ ಬೆನ್ನಿಗೇ, ಹತ್ತು ನಿಮಿಷ ಕಾಯದೆ, ಎಂಜಿನು ಹೊರಟರೆ ಅನುಮಾನ ಬಲವಾಯಿತು; ಏಕೆಂದರೆ ಸುರುಳಿಯಾಗಲಿ ಕೊಳವೆಯ ಗುಳ್ಳೆಯಾಗಲಿ ಅಷ್ಟರಲ್ಲಿ ತಣಿದಿರಲಾರದು.

ಪಂಪಿನ ಸದ್ದೂ ಸಾಕ್ಷಿ ಹೇಳುತ್ತದೆ. ಈ ಪಂಪಿನಲ್ಲಿ ವಿದ್ಯುತ್ಕಾಂತವು ಒಂದು ಪೊರೆಯನ್ನು ಎಳೆದು ಪೆಟ್ರೋಲನ್ನು ಹೀರುತ್ತದೆ. ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳುತ್ತದೆ. ಹೀರುವ ಕಡೆ ಗಾಳಿ ಸೋರುತ್ತಿದ್ದರೆ ಅಥವಾ ತೊಟ್ಟಿ ಬರಿದಾಗಿದ್ದರೆ ಟಿಕ್ ಟಿಕ್ ಸದ್ದು ಅತಿ ವೇಗವಾಗುತ್ತದೆ. ಎಂಜಿನು ಹಸಿದಿರುವಾಗಲೇ ಸದ್ದು ನಿಧಾನವಾದರೆ ಅಥವಾ ನಿಂತರೆ ಪೆಟ್ರೋಲಿನ ದಾರಿಯಲ್ಲಿ ತಡೆಯುಂಟು, ಇಲ್ಲವೆ ಪಂಪೇ ಕೆಟ್ಟಿದೆ. ಮುಚ್ಚಳ ತೆರೆದೊಡನೆ, ಕೀಲಿ ಹಾಕಿದಾಗ ಪಂಪು ಲವಲವಿಕೆಯಿಂದ ಬಡಿಯತೊಡಗಿದರೆ ತಡೆ ಯಾವುದೆಂಬುದು ಬಹುಮಟ್ಟಿಗೆ ತಿಳಿಯಿತು.

ಆದರೂ ಒಮ್ಮೆ ಆದುದು ಕಾಕತಾಳೀಯವಾಗಿರಬಹುದು. ಆದುದರಿಂದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ತೊಟ್ಟಿಯಲ್ಲಿ ಮೊದಲಿನಷ್ಟೇ ಪೆಟ್ರೋಲಿಟ್ಟುಕೊಂಡು ಗಾಳಿರಂಧ್ರವಿರುವ ಮುಚ್ಚಳವನ್ನು ಹಾಕಿ ಓಡಿಸಬೇಕು. ಮಾರನೆಯ ದಿನ ಹಳೆಯ ಮುಚ್ಚಳವನ್ನೇ ಹಾಕಿ ಓಡಿಸಬೇಕು. ಮೊದಲನೆಯದರಲ್ಲಿ ದೋಷ ಮಾಯವಾಗಿ ಎರಡನೆಯದರಲ್ಲಿ ಮರಳಿ ಬಂದರೆ ನಿರ್ಣಯವಾದಂತೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮುಚ್ಚಳವನ್ನೂ ಪಂಪನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಕಾರು ಸರಿಹೋದರೂ ಜ್ಞಾನ ದಕ್ಕುವುದಿಲ್ಲ.

ಎರಡು ಬಗೆಯ ಮುಚ್ಚಳಗಳು

ಗಾಳಿಯ ದಾರಿ ಕಟ್ಟಿದೆಯೆಂದು ಗೊತ್ತಾದ ಮೇಲೆ ಆ ದಾರಿ ಎಲ್ಲಿದೆಯೆಂದು ತಿಳಿಯಬೇಕು. ಇದಕ್ಕೆ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಆರಂಭದ ಎಂ.ಜಿ.ಬಿ. ಕಾರುಗಳಲ್ಲಿ ತೊಟ್ಟಿಯ ಮುಚ್ಚಳದಲ್ಲಿಯೇ ಸಣ್ಣ ಗಾಳಿರಂಧ್ರವಿತ್ತು. ಗಾಳಿ ಅದರ ಮೂಲಕ ಒಳಬರುತ್ತಿತ್ತು. ಬಿಸಿಲು ಬಿದ್ದಾಗ ಪೆಟ್ರೋಲಿನ ಆವಿಯೂ ಅದರ ಮೂಲಕವೇ ಹೊರಹೋಗುತ್ತಿತ್ತು.

ಹೊರಹೋದ ಆ ಆವಿಯ ಗತಿಯೇನು? ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಕಂದು ಮಬ್ಬೊಂದು ಮುಸುಕುತ್ತಿತ್ತು. ಕ್ಯಾಲಿಫೋರ್ನಿಯಾ ತಂತ್ರವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞ ಹಾಗನ್-ಸ್ಮಿಟ್ ಎಂಬವರು 1950ರ ದಶಕದ ಆದಿಯಲ್ಲಿ ಅದರ ಗುಟ್ಟನ್ನು ಬಿಡಿಸಿದರು. ಸುಡದ ಪೆಟ್ರೋಲಿನ ಆವಿಯೂ ನೈಟ್ರೊಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ವರ್ತಿಸಿ ಓಜೋನ್ ಮೊದಲಾದ ಉರಿಗೊಳಿಸುವ ವಸ್ತುಗಳನ್ನು ಹುಟ್ಟಿಸುತ್ತವೆಂದು ಅವರು ತೋರಿಸಿದರು. ಮುಂದೆ 1970ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿಯೂ, 1971ರ ಮಾದರಿಗಳಿಂದ ಅಮೆರಿಕದಾದ್ಯಂತವೂ ತೊಟ್ಟಿಯ ಆವಿಯನ್ನು ಬಯಲಿಗೆ ಬಿಡಕೂಡದೆಂಬ ನಿಯಮ ಬಂದಿತು.

ಆಗ ಆ ಕಾರುಗಳಿಗೆ ರಂಧ್ರವಿಲ್ಲದ ಮುಚ್ಚಳ ಬಂದಿತು. ತೊಟ್ಟಿಯ ಉಸಿರು ಬೇರೆ ದಾರಿ ಹಿಡಿಯಿತು. ತೊಟ್ಟಿಯಿಂದ ಹೊರಟ ಕೊಳವೆ ಡಿಕ್ಕಿಯಲ್ಲಿರುವ ಒಂದು ಸಣ್ಣ ಬೇರ್ಪಡಿಕೆಯ ತೊಟ್ಟಿಗೆ ಹೋಗುತ್ತದೆ; ಆವಿಯೊಡನೆ ಚಿಮ್ಮಿಬಂದ ದ್ರವ ಅಲ್ಲಿ ನಿಂತು ಹಿಂದಿರುಗುತ್ತದೆ. ಆವಿ ಮಾತ್ರ ಮುಂದೆ ಸಾಗಿ ಬಾನೆಟ್ಟಿನ ಕೆಳಗಿರುವ ಇದ್ದಿಲಿನ ಡಬ್ಬಿಯನ್ನು ಸೇರುತ್ತದೆ. ಈ ಇದ್ದಿಲು ನಮ್ಮ ಒಲೆಯದಲ್ಲ. ಅಸಂಖ್ಯಾತ ಸೂಕ್ಷ್ಮ ರಂಧ್ರಗಳುಂಟಾಗುವಂತೆ ಸಂಸ್ಕರಿಸಿದುದು. ಇದರ ಒಂದು ಗ್ರಾಮಿನ ಒಳಮೈಗಳನ್ನೆಲ್ಲ ಬಿಡಿಸಿ ಹರಡಿದರೆ 500 ಚದರ ಮೀಟರಿಗೂ ಮಿಗಿಲಾದ ವಿಸ್ತಾರವಾಗುತ್ತದೆ. ಪೆಟ್ರೋಲಿನ ಅಣುಗಳು ಆ ಮೈಗೆ ಅಂಟಿ ನಿಲ್ಲುತ್ತವೆ. ಇದಕ್ಕೆ ಅಧಿಶೋಷಣೆ ಎಂದು ಹೆಸರು. ಎಂಜಿನು ಓಡುವಾಗ ಅದರ ಸೆಳೆತಕ್ಕೆ ಸಿಕ್ಕಿದ ಹೊರಗಿನ ಗಾಳಿ ಡಬ್ಬಿಯ ತಳದಿಂದ ನುಗ್ಗಿ, ಅಂಟಿದ ಆವಿಯನ್ನು ಬಿಡಿಸಿಕೊಂಡು ಎಂಜಿನನ್ನು ಸೇರುತ್ತದೆ. ಆವಿ ಅಲ್ಲಿ ಉರಿದುಹೋಗುತ್ತದೆ. ತೊಟ್ಟಿಗೆ ಗಾಳಿ ಬೇಕಾದಾಗ ಅದೂ ಇದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಹೀಗೆ ಇದ್ದಿಲಿನ ಡಬ್ಬಿಯೇ ತೊಟ್ಟಿಯ ಮೂಗು.

ರಂಧ್ರವಿರುವ ಮುಚ್ಚಳ, ಇಲ್ಲದ ಮುಚ್ಚಳ ಇವೆರಡೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಐವತ್ತು ವರ್ಷ ಹಲವರ ಕೈದಾಟಿದ ಕಾರಿನಲ್ಲಿ ಯಾವುದೋ ಕಾಲದಲ್ಲಿ ಮುಚ್ಚಳ ಅದಲುಬದಲಾಗಿರುವ ಸಂಭವವುಂಟು. ಹಳೆಯ ಮಾದರಿಗೆ ರಂಧ್ರವಿಲ್ಲದ ಮುಚ್ಚಳ ಹಾಕಿದರೆ ತೊಟ್ಟಿಗೆ ಉಸಿರುಕಟ್ಟುತ್ತದೆ. ಹೊಸ ಮಾದರಿಗೆ ರಂಧ್ರವಿರುವುದನ್ನು ಹಾಕಿದರೆ ಆವಿ ಸೋರಿ ವಾಸನೆ ಬರುತ್ತದೆ. ಆದುದರಿಂದ ಮೊದಲು ನೋಡಬೇಕಾದುದು ಕಾರಿನ ಮಾದರಿಯ ವರ್ಷವನ್ನು, ಆಮೇಲೆ ಮುಚ್ಚಳದ ಒಳಮುಖವನ್ನು.

ತಡೆ ಎಲ್ಲಿದೆ?

ಮುಚ್ಚಳ ಸರಿಯಾಗಿದ್ದೂ ತೊಟ್ಟಿ ಉಸಿರುಕಟ್ಟಿದರೆ ದಾರಿಯನ್ನು ತುಂಡುತುಂಡಾಗಿ ಪರೀಕ್ಷಿಸಬೇಕು. ಮೂಗಿನ ಕಡೆಯಿಂದ ಪ್ರಾರಂಭಿಸುವುದು ಲೇಸು. ಕೀಲಿ ತೆಗೆದ ಮೇಲೂ ಎಂಜಿನು ಕೆಮ್ಮುತ್ತ ತಿರುಗುವುದನ್ನು ತಡೆಯಲೆಂದು 1970ರ ದಶಕದ ಅಮೆರಿಕದ ಮಾದರಿಗಳಿಗೆ ಒಂದು ವಿದ್ಯುತ್ ಕವಾಟವನ್ನು ಜೋಡಿಸಿದರು. ಇದ್ದಿಲಿನ ಡಬ್ಬಿಯ ತಳಕ್ಕೆ ಗಾಳಿ ಬರುವುದು ಈ ಕವಾಟದ ಮೂಲಕವೇ. ಅದು ಸಿಕ್ಕಿಕೊಂಡರೆ ಡಬ್ಬಿಗೂ ಗಾಳಿಯಿಲ್ಲ, ತೊಟ್ಟಿಗೂ ಗಾಳಿಯಿಲ್ಲ. ಡಬ್ಬಿಯ ತಳದ ನಳಿಗೆಯನ್ನು ಪರೀಕ್ಷೆಗಾಗಿ ಬಿಡಿಸಿದಾಗ ದೋಷ ಮಾಯವಾದರೆ ಕಳ್ಳ ಆ ಕವಾಟ. ಮಾಯವಾಗದಿದ್ದರೆ ಡಬ್ಬಿಗೆ ಬರುವ ತೊಟ್ಟಿಯ ನಳಿಗೆಯನ್ನು ಬಿಡಿಸಿ ನೋಡಬೇಕು. ಆಗ ಸರಿಹೋದರೆ ಇದ್ದಿಲೋ ತಳದ ಶೋಧಕವೋ ಕಟ್ಟಿದೆಯೆಂದು ಅರ್ಥ. ಆಗಲೂ ಸರಿಹೋಗದಿದ್ದರೆ ತಡೆ ಹಿಂದಿನ ಉದ್ದನೆಯ ಕೊಳವೆಯಲ್ಲಿ ಅಥವಾ ಬೇರ್ಪಡಿಕೆಯ ತೊಟ್ಟಿಯಲ್ಲಿದೆ. ಬಿಡಿಸಿದ ನಳಿಗೆಗಳಿಂದ ಆವಿ ಬರುವುದರಿಂದ ಈ ಓಟಗಳು ಚಿಕ್ಕವಾಗಿರಬೇಕು. ಮುಗಿದೊಡನೆ ನಳಿಗೆಗಳನ್ನು ಮರಳಿ ಜೋಡಿಸಬೇಕು.

ಕೊಳವೆಯಲ್ಲಿ ಗಾಳಿ ಆಡುತ್ತದೆಯೇ ಎಂದು ನೋಡಲು ಕೈಯಲ್ಲಿ ಹಿಸುಕುವ ರಬ್ಬರ್ ಬುಡ್ಡಿ ಸಾಕು. ಬಾಯಿಂದ ಊದಬಾರದು, ಪೆಟ್ರೋಲಿನ ಆವಿ ವಿಷ. ಟೈರಿಗೆ ಗಾಳಿ ತುಂಬುವ ಯಂತ್ರವನ್ನಂತೂ ಹಚ್ಚಲೇಬಾರದು. ಸಣ್ಣ ಒತ್ತಡವೂ ದೊಡ್ಡ ತಗಡಿನ ಮೇಲೆ ಎಂಥ ಭಾರವಾಗುವುದೆಂಬುದನ್ನು ಮೇಲೆಯೇ ಲೆಕ್ಕಹಾಕಿದ್ದೇವೆ.

ಇದ್ದಿಲು ಕೆಡಲು ಒಂದು ಕಾರಣ ಪೆಟ್ರೋಲನ್ನು ಕಂಠಮಟ್ಟ ತುಂಬಿಸುವ ಅಭ್ಯಾಸ. 50 ಲೀಟರು ಪೆಟ್ರೋಲು 20 ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಲೀಟರಿನಷ್ಟು ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಆ ದ್ರವ ಉಸಿರಿನ ಕೊಳವೆಯನ್ನೇ ಹಿಡಿದು ಇದ್ದಿಲನ್ನು ತೋಯಿಸುತ್ತದೆ. ತೋಯ್ದ ಇದ್ದಿಲು ಆವಿಯನ್ನು ಹಿಡಿಯಲಾರದು.

ವಾಸನೆಯೆಂಬ ಎಚ್ಚರಿಕೆ

ಉಸಿರುಕಟ್ಟುವುದು ಒಂದು ದೋಷವಾದರೆ ಉಸಿರು ಸೋರುವುದು ಇನ್ನೊಂದು. ಕಾರಿನೊಳಗೆ ಪೆಟ್ರೋಲಿನ ವಾಸನೆ ಬಂದರೆ, “ಹಳೆಯ ಕಾರೆಂದರೆ ಹೀಗೆಯೇ” ಎಂದು ಸುಮ್ಮನಿರಬಾರದು. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿರುವಾಗಲೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಕೊಡಬಲ್ಲುದು. ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಆವಿ ಸೇರಿದರೆ ಸಾಕು, ಒಂದು ಕಿಡಿಗೆ ಅದು ಉರಿಯುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲೇರಿ ಚದರದೆ ಡಿಕ್ಕಿಯ ತಳದಲ್ಲಿ, ಮುಚ್ಚಿದ ಗ್ಯಾರೇಜಿನ ನೆಲದಲ್ಲಿ ನೀರಿನಂತೆ ಹರಡಿ ನಿಲ್ಲುತ್ತದೆ.

ಇದಕ್ಕೆ ಸಾಮಾನ್ಯ ಕಾರಣ ಬಿರಿದ ರಬ್ಬರ್ ನಳಿಗೆ. ಹಳೆಯ ರಬ್ಬರು ವಯಸ್ಸಿಗೇ ಗಡುಸಾಗುತ್ತದೆ. ಅದರ ಮೇಲೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಅದು ನೂರಕ್ಕೆ 10ರವರೆಗೆ ಇರಬಹುದು. ನಮ್ಮ ದೇಶದಲ್ಲಿ 2025ರ ವೇಳೆಗೆ ನೂರಕ್ಕೆ 20ಕ್ಕೆ ಮುಟ್ಟಿತು. ಅರುವತ್ತು ಎಪ್ಪತ್ತರ ದಶಕದ ರಬ್ಬರನ್ನು ಇದಕ್ಕಾಗಿ ಮಾಡಿದುದಲ್ಲ. ಡಿಕ್ಕಿಯ ಒಳಹೊದಿಕೆಯನ್ನು ತೆಗೆದು ಒಂದೊಂದು ನಳಿಗೆಯನ್ನೂ ಹಗಲು ಬೆಳಕಿನಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡರೆ ಎಥನಾಲನ್ನು ತಡೆಯಬಲ್ಲ ಹೊಸ ನಳಿಗೆಯನ್ನು ಹಾಕಬೇಕು. ತೊಟ್ಟಿಯನ್ನೇ ಬೆಸೆಯಬೇಕಾಗಿ ಬಂದರೆ ಅದು ಮನೆಯ ಕೆಲಸವಲ್ಲ. ಬರಿದಾದ ತೊಟ್ಟಿಯಲ್ಲಿ ಆವಿಯೂ ಗಾಳಿಯೂ ಬೆರೆತಿರುವುದರಿಂದ ಅದು ತುಂಬಿದ ತೊಟ್ಟಿಗಿಂತಲೂ ಅಪಾಯಕರ.

ಸುಲಭವಾದ ತಪ್ಪು

ಕೊನೆಗೊಂದು ಮಾತು. ಹೊಸ ಮಾದರಿಯ ಕಾರು ಉಸಿರುಕಟ್ಟಿ ನಿಂತಾಗ ಕೆಲವರು ಮುಚ್ಚಳಕ್ಕೆ ಒಂದು ತೂತು ಕೊರೆದು ಕೈತೊಳೆದುಕೊಳ್ಳುತ್ತಾರೆ. ಕಾರೇನೋ ಓಡುತ್ತದೆ. ಆದರೆ ಸಿಕ್ಕಿಕೊಂಡ ಕವಾಟ ಹಾಗೆಯೇ ಉಳಿಯಿತು. ಕಾರು ವಾಲಿದಾಗ ಪೆಟ್ರೋಲು ಚೆಲ್ಲುವ ಅಪಾಯ ಹೊಸತಾಗಿ ಬಂದಿತು. ಹಾಗನ್-ಸ್ಮಿಟ್ಟರು ಕಂಡುಹಿಡಿದ ಆ ಮಬ್ಬಿಗೆ ನಮ್ಮದೂ ಒಂದು ಪಾಲು ಸೇರಿತು. ಪರೀಕ್ಷೆಗಾಗಿ ರಂಧ್ರದ ಮುಚ್ಚಳವನ್ನು ಒಂದು ದಿನ ಹಾಕುವುದು ಬೇರೆ, ಅದನ್ನೇ ಚಿಕಿತ್ಸೆಯೆಂದು ಬಗೆಯುವುದು ಬೇರೆ. ಮುಚ್ಚಳವು ದೋಷ ಯಾವ ಕಡೆಗಿದೆಯೆಂದು ತೋರಿಸಿತು. ತಡೆ ಎಲ್ಲಿದೆಯೋ ಅಲ್ಲಿಯೇ ಅದನ್ನು ಬಿಡಿಸಬೇಕು.

ನಮ್ಮಲ್ಲಿ ಎಂ.ಜಿ.ಬಿ. ಕಾರನ್ನು ಕಂಡವರು ವಿರಳ. ಆದರೆ ಮನೆಯ ಮುಂದೆ ನಿಂತಿರುವ ಸ್ಕೂಟರಿನ ಅಥವಾ ಮೋಟಾರ್ ಸೈಕಲ್ಲಿನ ತೊಟ್ಟಿಯೂ ಉಸಿರಾಡಲೇಬೇಕು. ಹಳೆಯವುಗಳಲ್ಲಿ ಮುಚ್ಚಳದ ಸಣ್ಣ ರಂಧ್ರವೇ ಅದರ ಮೂಗು. ಧೂಳೋ ಮೇಣವೋ ಅದನ್ನು ಮುಚ್ಚಿದರೆ ಅದೂ ದಾರಿಯಲ್ಲಿ ನಿಲ್ಲುತ್ತದೆ. ಈಗಿನ ದ್ವಿಚಕ್ರ ವಾಹನಗಳಲ್ಲಿಯೂ ಇದ್ದಿಲಿನ ಡಬ್ಬಿಯುಂಟು. ಮುಂದೆ ಎಂದಾದರೂ ಓಡುತ್ತಿದ್ದ ವಾಹನ ಕಾರಣವಿಲ್ಲದೆ ಸೊರಗಿ, ಕಾದರೆ ಮತ್ತೆ ಹೊರಟರೆ, ಪಂಪಿನ ಬೆಲೆ ಕೇಳುವುದಕ್ಕೆ ಮೊದಲು ಎಣ್ಣೆಯ ಡಬ್ಬಿಯ ಎರಡನೆಯ ತೂತನ್ನು ನೆನೆಯೋಣ.